ಹಬ್ಬದ ನೆನಪು ಮತ್ತು ಶಾಲೆಯ ಹೊಣೆ

ಮಗುವಿನ ಮನಸ್ಸಿನಲ್ಲಿ ಹಬ್ಬವು ನೆಲೆಗೊಳ್ಳುವುದು ಕಿವಿಗೆ ಬಿದ್ದ ಉಪದೇಶದಿಂದಲ್ಲ. ಕೈಗೆ ಒಪ್ಪಿಸಿದ ಸಣ್ಣ ಕೆಲಸದಿಂದ. ಹಬ್ಬದ ತತ್ತ್ವಾರ್ಥವನ್ನು ಹಿರಿಯರು ಎಷ್ಟು ಬಿತ್ತರಿಸಿ ಹೇಳಿದರೂ ಅದು ಕಾಲಕ್ರಮದಲ್ಲಿ ಮರೆತುಹೋಗಬಹುದು. ಆದರೆ ಹಿಟ್ಟಿನ ಬಟ್ಟಲನ್ನು ಹಿಡಿದು ತಾಯಿಯ ಪಕ್ಕದಲ್ಲಿ ನಿಂತದ್ದು, ದೀಪ ಆರದಂತೆ ಅಂಗೈಯನ್ನು ಅಡ್ಡವಿಟ್ಟು ನಡೆದದ್ದು, ಅಜ್ಜಿಯ ಬೆರಳು ಎಳೆಯುತ್ತಿದ್ದ ಗೆರೆಯನ್ನು ಉಸಿರು ಬಿಗಿಹಿಡಿದು ನೋಡಿದ್ದು ಮುಪ್ಪಿನವರೆಗೂ ಮಾಸುವುದಿಲ್ಲ. ಈ ಮಾತಿಗೆ ಉಕ್ರೇನ್ ದೇಶದ ಈಸ್ಟರ್ ಹಬ್ಬವು ಒಂದು ಉತ್ತಮ ನಿದರ್ಶನ. ಆ ನಾಡಿನಲ್ಲಿ ಒಂದು ಕಾಲಕ್ಕೆ ಶಾಲೆಯೇ ಮನೆಯ ಹಬ್ಬಕ್ಕೆ ಎದುರಾಗಿ ನಿಂತಿತು. ಆದರೂ ಕೊನೆಗೆ ಉಳಿದದ್ದು ಮನೆಯ ಹಬ್ಬವೇ. ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ವಿದ್ಯಾದಾನಿಗಳೂ ಓದುವ ಇಂತಹ ಸಂಚಿಕೆಯಲ್ಲಿ ಆ ವೃತ್ತಾಂತವನ್ನು ವಿಚಾರಿಸುವುದು ಅನುಚಿತವಾಗಲಾರದು.

ಶಿಲುಬೆಯ ಮೇಲೆ ಪ್ರಾಣಬಿಟ್ಟ ಕ್ರಿಸ್ತನು ಮೂರನೆಯ ದಿನ ಪುನರುತ್ಥಾನ ಹೊಂದಿದನೆಂಬ ನಂಬಿಕೆಯ ಹಬ್ಬವೇ ಈಸ್ಟರ್. ಯುಗಾದಿಯಂತೆ ಇದರ ತಿಥಿಯೂ ಚಂದ್ರಸೂರ್ಯರ ಗತಿಯನ್ನು ಕೂಡಿಸಿ ಎಣಿಸಿದ್ದು. ಮಾರ್ಚ್ ೨೧ನ್ನು ವಸಂತ ವಿಷುವವೆಂದು ಹಿಡಿದು, ಅಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರವನ್ನು ಹಬ್ಬವೆಂದು ಆಚರಿಸುತ್ತಾರೆ. ಪೂರ್ವ ದೇಶದ ಚರ್ಚುಗಳು ಈ ಗಣನೆಗೆ ಹಳೆಯ ಜೂಲಿಯನ್ ಪಂಚಾಂಗವನ್ನೇ ಅನುಸರಿಸುವುದರಿಂದ ಪಶ್ಚಿಮದವರ ಹಬ್ಬಕ್ಕೂ ಅವರ ಹಬ್ಬಕ್ಕೂ ಕೆಲವೊಮ್ಮೆ ವಾರಗಳ ಅಂತರ ಬೀಳುತ್ತದೆ. ೨೦೨೪ರಲ್ಲಿ ಒಂದು ಮಾರ್ಚ್ ೩೧ಕ್ಕೂ ಇನ್ನೊಂದು ಮೇ ೫ಕ್ಕೂ ಬಂದವು. ೨೦೨೫ರಲ್ಲಿ ಎರಡೂ ಏಪ್ರಿಲ್ ೨೦ರಂದೇ ಕೂಡಿಬಂದವು. ಉಕ್ರೇನಿನ ಜನ ಈ ಹಬ್ಬವನ್ನು 'ವೆಲಿಕ್‌ದೆನ್' ಎಂದು ಕರೆಯುತ್ತಾರೆ. ಆ ಪದಕ್ಕೆ 'ಮಹಾದಿನ' ಎಂದೇ ಅರ್ಥ.

ಮಹಾದಿನಕ್ಕೆ ಮುನ್ನ ದೀರ್ಘವಾದ ಉಪವಾಸವ್ರತವಿದೆ. ನಲವತ್ತಕ್ಕೂ ಹೆಚ್ಚು ದಿನ ಮಾಂಸ, ಹಾಲು, ಬೆಣ್ಣೆ, ಮೊಟ್ಟೆಗಳನ್ನು ಬಿಡುವುದು ಸಂಪ್ರದಾಯ. ಹಬ್ಬಕ್ಕೆ ಒಂದು ವಾರ ಮೊದಲು ಬರುವ ಭಾನುವಾರ ಯೆರೂಸಲೇಮಿನಲ್ಲಿ ಕ್ರಿಸ್ತನನ್ನು ಖರ್ಜೂರದ ಗರಿಗಳಿಂದ ಎದುರುಗೊಂಡದ್ದನ್ನು ಸ್ಮರಿಸುತ್ತಾರೆ. ಆ ಶೀತಪ್ರದೇಶದಲ್ಲಿ ಖರ್ಜೂರದ ಮರವೆಲ್ಲಿಯದು? ಆದುದರಿಂದ ಆಗತಾನೆ ಮೊಗ್ಗೊಡೆದ ವಿಲೋ ಮರದ ಕೊಂಬೆಗಳನ್ನು ಚರ್ಚಿಗೆ ಒಯ್ದು ಪವಿತ್ರಗೊಳಿಸಿ ತರುತ್ತಾರೆ. ಮನೆಯ ಮಕ್ಕಳು ಆ ಕೊಂಬೆಯಿಂದ ಒಬ್ಬರನ್ನೊಬ್ಬರು ಮೆಲ್ಲನೆ ತಟ್ಟಿ, ಮಹಾದಿನಕ್ಕೆ ಇನ್ನು ವಾರವೇ ಉಳಿದಿದೆಯೆಂದು ನೆನಪಿಸುತ್ತಾರೆ. ಅದೇ ವಾರದ ಗುರುವಾರ ರಾತ್ರಿ ಚರ್ಚಿನಲ್ಲಿ ಹೊತ್ತಿಸಿದ ಮೇಣದ ಬತ್ತಿಯ ಜ್ವಾಲೆಯನ್ನು ಆರಗೊಡದೆ ಮನೆಯವರೆಗೆ ತರಬೇಕು. ಮಕ್ಕಳ ಪಾಲಿಗೆ ಇದೊಂದು ಸಾಹಸವೇ ಸರಿ. ಮನೆ ಸೇರಿದ ಮೇಲೆ ಹಿರಿಯರು ಆ ಜ್ವಾಲೆಯ ಹೊಗೆಯಿಂದಲೇ ಮನೆಯ ತೊಲೆಯ ಮೇಲೆ ಶಿಲುಬೆಯ ಗುರುತನ್ನು ಮೂಡಿಸುತ್ತಿದ್ದರು.

ಈ ಹಬ್ಬದ ಹೃದಯವಿರುವುದು 'ಪಿಸಂಕಾ' ಎಂಬ ಚಿತ್ರಿತ ಮೊಟ್ಟೆಯಲ್ಲಿ. ಮೊಟ್ಟೆಯೆಂದ ಮಾತ್ರಕ್ಕೆ ಶಾಕಾಹಾರಿಗಳಾದ ವಾಚಕರು ಹುಬ್ಬು ಗಂಟಿಕ್ಕಬೇಕಾಗಿಲ್ಲ. ಪಿಸಂಕಾ ತಿನ್ನುವ ವಸ್ತುವಲ್ಲ. ಬೇಯಿಸಿ, ಒಂದೇ ಬಣ್ಣ ಹಾಕಿ ತಿನ್ನುವ ಮೊಟ್ಟೆಗೆ 'ಕ್ರಾಶಂಕಾ' ಎಂಬ ಬೇರೆ ಹೆಸರೇ ಇದೆ. ಪಿಸಂಕಾ ಹಸಿ ಮೊಟ್ಟೆಯ ಚಿಪ್ಪಿನ ಮೇಲೆ ಮೂಡಿದ ಚಿತ್ರ. ಒಳಗಿನ ದ್ರವ ವರ್ಷಗಳ ಮೇಲೆ ತಾನಾಗಿ ಒಣಗಿಹೋಗಿ ಚಿತ್ರ ಮಾತ್ರ ಉಳಿಯುತ್ತದೆ. ಸಣ್ಣ ಕಡ್ಡಿಯ ತುದಿಗೆ ಕಟ್ಟಿದ ಲೋಹದ ಪುಟ್ಟ ಕೊಳವೆಯನ್ನು ದೀಪಕ್ಕೆ ಹಿಡಿದು, ಅದರಲ್ಲಿ ಕರಗಿದ ಜೇನುಮೇಣದಿಂದ ಬಿಳಿಯ ಚಿಪ್ಪಿನ ಮೇಲೆ ಗೆರೆ ಎಳೆಯುತ್ತಾರೆ. ಅನಂತರ ಮೊಟ್ಟೆಯನ್ನು ಹಳದಿ ಬಣ್ಣದಲ್ಲಿ ಅದ್ದುತ್ತಾರೆ. ಮೇಣ ಮುಚ್ಚಿದ ಭಾಗ ಬಿಳಿಯಾಗಿಯೇ ಉಳಿಯುತ್ತದೆ. ಹಳದಿಯಾಗಿ ಉಳಿಯಬೇಕಾದ ಕಡೆ ಮತ್ತೆ ಮೇಣ, ಮತ್ತೆ ಕೆಂಪು, ಮತ್ತೆ ಮೇಣ, ಕಟ್ಟಕಡೆಗೆ ಕಪ್ಪು. ಹೀಗೆ ತಿಳಿಯಿಂದ ಗಾಢಕ್ಕೆ ಸಾಗುವ ಕ್ರಮದಲ್ಲಿ ತಪ್ಪಿದ ಗೆರೆಯನ್ನು ಅಳಿಸುವ ಉಪಾಯವಿಲ್ಲ. ಹಿಂದೆ ಈರುಳ್ಳಿಯ ಸಿಪ್ಪೆ, ಕಾಡುಸೇಬಿನ ತೊಗಟೆ, ಆಕ್ರೋಟಿನ ಹೊರಸಿಪ್ಪೆಗಳೇ ಬಣ್ಣದ ಮೂಲಗಳಾಗಿದ್ದವು. ಎಲ್ಲ ಮುಗಿಯುವ ಹೊತ್ತಿಗೆ ಮೊಟ್ಟೆ ಮೇಣದ ಕರಿಯ ಉಂಡೆಯಂತೆ ಕಾಣುತ್ತದೆ. ಆಗ ಅದನ್ನು ದೀಪದ ಮಗ್ಗುಲಿಗೆ ಹಿಡಿದು ಬಿಸಿಮಾಡಿ ಬಟ್ಟೆಯಿಂದ ಒರೆಸಿದರೆ ಸೂರ್ಯ, ಜಿಂಕೆ, ಗೋಧಿಯ ತೆನೆ, ಆದಿ ಅಂತ್ಯಗಳಿಲ್ಲದ ಸುತ್ತುಗೆರೆ ಒಮ್ಮೆಗೇ ಬೆಳಗುತ್ತವೆ. ಮಗುವಿನ ಕಣ್ಣಿಗೆ ಅದಕ್ಕಿಂತ ದೊಡ್ಡ ಪವಾಡ ಬೇಡ.

ಇಲ್ಲಿ ಒಂದು ಶಬ್ದವಿಚಾರ ಸ್ವಾರಸ್ಯಕರವಾಗಿದೆ. 'ಪಿಸಂಕಾ' ಎಂಬುದು 'ಪಿಸಾತಿ' ಎಂಬ ಕ್ರಿಯಾಪದದಿಂದ ಬಂದದ್ದು. ಅದರ ಅರ್ಥ 'ಬರೆಯುವುದು'. ಎಂದರೆ ಆ ಜನ ಮೊಟ್ಟೆಗೆ ಬಣ್ಣ ಬಳಿಯುವುದಿಲ್ಲ, ಮೊಟ್ಟೆಯನ್ನು ಬರೆಯುತ್ತಾರೆ. ಅಕ್ಷರವನ್ನೂ ಬರೆಯುವ, ಚಿತ್ರವನ್ನೂ ಬರೆಯುವ, ರಂಗವಲ್ಲಿಯನ್ನೂ ಬರೆಯುವ ಕನ್ನಡಿಗನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಂಸ್ಕೃತದ 'ಲಿಖ್' ಧಾತುವಿಗೂ ಗೀರು, ಚಿತ್ರಿಸು, ಬರೆ ಎಂಬ ಅರ್ಥಗಳು ಕೂಡಿಯೇ ಇವೆ. ಅಷ್ಟೇ ಅಲ್ಲ, ಉಕ್ರೇನಿನ ಆ ಕ್ರಿಯಾಪದವೂ ವೇದಭಾಷೆಯಲ್ಲಿ ಅಲಂಕಾರವೆಂಬ ಅರ್ಥದ 'ಪೇಶಸ್' ಶಬ್ದವೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಅಕ್ಷರವರಿಯದ ಅಜ್ಜಿಯೂ ಬರೆಯಬಲ್ಲವಳೇ ಎಂಬ ವಿವೇಕ ಈ ಒಂದು ಪದದಲ್ಲಿ ಅಡಗಿದೆ.

ಹಬ್ಬದ ರೊಟ್ಟಿಗೆ 'ಪಾಸ್ಕಾ' ಎಂದು ಹೆಸರು. ಹಿಟ್ಟು ಉಬ್ಬುವ ಹೊತ್ತಿನಲ್ಲಿ ಮಕ್ಕಳು ಓಡಬಾರದು, ಬಾಗಿಲು ಬಡಿಯಬಾರದು, ಗಟ್ಟಿಯಾಗಿ ಮಾತನಾಡಬಾರದು. ಸದ್ದಾದರೆ ರೊಟ್ಟಿ ಕುಸಿಯುವುದೆಂಬ ನಂಬಿಕೆ. ರೊಟ್ಟಿ, ಬಣ್ಣದ ಮೊಟ್ಟೆ, ಬೆಣ್ಣೆ, ಗಿಣ್ಣು, ಉಪ್ಪು, ಖಾರವಾದ ಒಂದು ಬೇರು, ಮಾಂಸದ ತಿನಿಸು, ಇವನ್ನೆಲ್ಲ ಬುಟ್ಟಿಯಲ್ಲಿಟ್ಟು, ಕಸೂತಿ ಹಾಕಿದ ವಸ್ತ್ರ ಹೊದಿಸಿ ಚರ್ಚಿಗೆ ಒಯ್ಯುತ್ತಾರೆ. ಪಾದ್ರಿಗಳು ತೀರ್ಥ ಪ್ರೋಕ್ಷಿಸಿದ ಮೇಲೆ ಮನೆಗೆ ಮರಳಿ, ಪವಿತ್ರವಾದ ಒಂದೇ ಮೊಟ್ಟೆಯನ್ನು ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಹೋಳು ಮಾಡಿ ಹಂಚಿ ತಿನ್ನುತ್ತಾರೆ. ಅತಿ ಚಿಕ್ಕ ಮಗುವಿಗೂ ಒಂದು ಹೋಳು ಸಲ್ಲಲೇಬೇಕು. ಅನಂತರ ಮಕ್ಕಳು ಮೊಟ್ಟೆಗೆ ಮೊಟ್ಟೆ ತಾಗಿಸಿ ಯಾರದು ಒಡೆಯದೆಂದು ನೋಡುತ್ತಾರೆ. ಮರುದಿನ ಸೋಮವಾರ ನೀರೆರಚಾಟ. ಮುಂದಿನ ವಾರದಲ್ಲಿ ಬಂಧುಗಳ ಸಮಾಧಿಗಳಿಗೆ ಹೋಗಿ ಅಗಲಿದವರನ್ನು ನೆನೆಯುತ್ತಾರೆ. ಬದುಕಿರುವವರಿಗೆ ಹೋಳು ಹಂಚಿದ ಕುಟುಂಬವು ಗತಿಸಿದವರನ್ನೂ ಮರೆಯುವುದಿಲ್ಲ.

ಈ ಹಬ್ಬಕ್ಕೆ ಸೋವಿಯತ್ ಆಡಳಿತದಲ್ಲಿ ಕಷ್ಟಕಾಲ ಬಂದಿತು. ೧೯೨೫ರಲ್ಲಿ ನಿರೀಶ್ವರವಾದದ ಪ್ರಚಾರಕ್ಕೆಂದೇ ಒಂದು ಸಂಘ ಸ್ಥಾಪನೆಗೊಂಡಿತು. ಚರ್ಚುಗಳನ್ನು ಮುಚ್ಚಿದರು, ಕೆಲವನ್ನು ಉಗ್ರಾಣಗಳನ್ನಾಗಿ ಮಾಡಿದರು. ೧೯೪೬ರಲ್ಲಿ ಪಶ್ಚಿಮ ಉಕ್ರೇನಿನ ಗ್ರೀಕ್ ಕ್ಯಾಥೊಲಿಕ್ ಚರ್ಚನ್ನೇ ರದ್ದುಗೊಳಿಸಿದರು. ಅದು ಮತ್ತೆ ಮಾನ್ಯತೆ ಪಡೆದದ್ದು ೧೯೮೯ರಲ್ಲಿ. ಈ ನಡುವಣ ದಶಕಗಳಲ್ಲಿ ಅದರ ಪಾದ್ರಿಗಳು ಗುಟ್ಟಾಗಿ ಮನೆಗಳಲ್ಲಿಯೇ ಪೂಜೆ ನಡೆಸುತ್ತಿದ್ದರು. ಈಸ್ಟರ್ ಭಾನುವಾರದಂದೇ ಸಾಮೂಹಿಕ ಶ್ರಮದಾನವನ್ನು ಗೊತ್ತುಮಾಡುವುದುಂಟು; ಹಬ್ಬದ ರಾತ್ರಿ ಯುವಕರು ಚರ್ಚಿಗೆ ಹೋಗದಿರಲೆಂದು ದೂರದರ್ಶನದಲ್ಲಿ ಮನರಂಜನೆಯ ವಿಶೇಷ ಕಾರ್ಯಕ್ರಮಗಳನ್ನು ಹಾಕುವುದುಂಟು. ಸರ್ಕಾರದ ಅಂಗಡಿಗಳಲ್ಲಿ ಮಾತ್ರ ಹಬ್ಬದ ರೊಟ್ಟಿಯಂಥದೇ ತಿನಿಸು 'ವಸಂತದ ಕೇಕು' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಹೆಸರನ್ನು ಅಳಿಸಬಹುದು, ನಾಲಗೆಯ ನೆನಪನ್ನು ಅಳಿಸಲಾಗದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇವೆಲ್ಲಕ್ಕಿಂತ ವ್ಯಥೆಯ ಸಂಗತಿಯೆಂದರೆ ಈ ಕಾರ್ಯದಲ್ಲಿ ಶಿಕ್ಷಕರನ್ನು ತೊಡಗಿಸಿದ್ದು. ಹಬ್ಬದ ರಾತ್ರಿ ಚರ್ಚಿನ ಬಳಿ ಶಿಕ್ಷಕರನ್ನು ಕಾವಲಿಗೆ ನಿಲ್ಲಿಸಿ, ಒಳಗೆ ಹೋಗುವ ವಿದ್ಯಾರ್ಥಿಗಳ ಹೆಸರು ಗುರುತು ಹಾಕಿಸುತ್ತಿದ್ದರು. ಮರುದಿನ ತರಗತಿಯಲ್ಲಿ ಮಕ್ಕಳ ಅಂಗೈಗಳನ್ನು ಚಾಚಿಸಿ, ಬೆರಳಿಗೆ ಮೊಟ್ಟೆಯ ಬಣ್ಣ ಅಂಟಿದೆಯೇ ಎಂದು ಪರೀಕ್ಷಿಸುತ್ತಿದ್ದರೆಂದು ಆ ತಲೆಮಾರಿನವರು ನೆನೆಯುತ್ತಾರೆ. ಅಕ್ಷರ ಬರೆಯಲು ಬೆರಳು ಹಿಡಿದು ಕಲಿಸಬೇಕಾದ ಗುರು ಅದೇ ಬೆರಳಿನಲ್ಲಿ ಅಪರಾಧದ ಕುರುಹನ್ನು ಹುಡುಕಿದನು! ಆ ಮಗು ಅಂದು ಕಲಿತ ಪಾಠವೇನು? ಮನೆಯ ಮಾತನ್ನು ಶಾಲೆಯಲ್ಲಿ ಆಡಬಾರದು. ಶಾಲೆಯ ಮಾತನ್ನು ಮನೆಯಲ್ಲಿ ನಂಬಬಾರದು. ಒಂದೇ ಮನಸ್ಸನ್ನು ಎರಡಾಗಿ ಸೀಳಿದ ಪಾಠ ಅದು. ಹಾಗೆಂದು ಎಲ್ಲ ಶಿಕ್ಷಕರನ್ನೂ ದೂಷಿಸಲಾಗದು. ಕೆಲಸದ ಭಯಕ್ಕೆ ಕಾವಲು ನಿಂತು, ತಮ್ಮ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡು ಪಾಸ್ಕಾ ಬೇಯಿಸಿದವರೂ ಅವರಲ್ಲಿದ್ದರು.

ಇಷ್ಟಾದರೂ ಹಬ್ಬವು ಅಳಿಯಲಿಲ್ಲ. ಅದು ಅಡುಗೆಮನೆಯಲ್ಲಿತ್ತು, ಅಜ್ಜಿಯ ಪೆಟ್ಟಿಗೆಯಲ್ಲಿತ್ತು, ಕಡಲಾಚೆಗೆ ವಲಸೆ ಹೋದವರ ನೆನಪಿನಲ್ಲಿತ್ತು. ೧೮೯೧ರಿಂದ ಕೆನಡಾಕ್ಕೆ ಹೋಗಿ ನೆಲೆಸಿದ ಉಕ್ರೇನಿನ ರೈತರು ತಮ್ಮೊಡನೆ ಈ ಕಲೆಯನ್ನೂ ಒಯ್ದರು. ಅಲ್ಲಿನ ಆಲ್ಬರ್ಟಾ ಪ್ರಾಂತದ ವೆಗ್ರೆವಿಲ್ ಎಂಬ ಊರಿನಲ್ಲಿ ೧೯೭೫ರಲ್ಲಿ ನಿಲ್ಲಿಸಿದ ಸುಮಾರು ೯ ಮೀಟರ್ ಎತ್ತರದ ಲೋಹದ ಪಿಸಂಕಾ ಗಾಳಿ ಬೀಸಿದತ್ತ ತಿರುಗುತ್ತದೆ. ದೇಶಭ್ರಷ್ಟನಾಗಿ ಬಾಳಿದ ಒಲೆಕ್ಸಾ ವೊರೊಪಾಯ್ ಎಂಬ ವಿದ್ವಾಂಸನು ತನ್ನ ಜನರ ಆಚಾರಗಳನ್ನು ಸಂಗ್ರಹಿಸಿ ೧೯೫೮ ಮತ್ತು ೧೯೬೬ರಲ್ಲಿ ಎರಡು ಸಂಪುಟಗಳಾಗಿ ಮ್ಯೂನಿಕ್ ನಗರದಲ್ಲಿ ಅಚ್ಚು ಹಾಕಿಸಿದನು. ಅದಕ್ಕೂ ಮುಂಚೆ, ೧೮೯೯ರಲ್ಲಿಯೇ, ಸೆರ್ಹಿಯ್ ಕುಲ್ಜಿನ್ಸ್ಕಿ ಎಂಬಾತನು ಲುಬ್ನಿ ಪಟ್ಟಣದ ಬಳಿಯ ಒಂದು ಖಾಸಗಿ ಸಂಗ್ರಹಾಲಯದ ಎರಡು ಸಾವಿರಕ್ಕೂ ಮಿಕ್ಕಿದ ಪಿಸಂಕಾಗಳನ್ನು ಚಿತ್ರಸಹಿತವಾಗಿ ಪ್ರಕಟಿಸಿದ್ದನು. ೧೯೯೧ರಲ್ಲಿ ದೇಶವು ಸ್ವತಂತ್ರವಾದ ಬಳಿಕ ಮರೆತ ಗೆರೆಗಳನ್ನು ಹುಡುಕಿದವರಿಗೆ ಇಂಥ ಗ್ರಂಥಗಳೇ ಆಸರೆಯಾದವು. ೨೦೦೦ದಲ್ಲಿ ಕೊಲೊಮಿಯಾ ಪಟ್ಟಣದಲ್ಲಿ ಮೊಟ್ಟೆಯ ಆಕಾರದ್ದೇ ಕಟ್ಟಡವುಳ್ಳ ಪಿಸಂಕಾ ವಸ್ತುಸಂಗ್ರಹಾಲಯ ತೆರೆಯಿತು. ೨೦೨೪ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ೨೦೨೨ರ ಏಪ್ರಿಲ್ ೨೪ರ ಈಸ್ಟರ್ ಯುದ್ಧದ ನಡುವೆ ಬಂದಾಗಲೂ, ರಾತ್ರಿಯ ಸಂಚಾರ ನಿರ್ಬಂಧವಿದ್ದಾಗಲೂ, ಜನ ಹಗಲಿನಲ್ಲಿ ಬುಟ್ಟಿ ಹಿಡಿದು ಚರ್ಚಿಗೆ ನಡೆದರು.

ಕಾರ್ಪಾತಿಯನ್ ಪರ್ವತಗಳ ಹುತ್ಸುಲ್ ಜನರಲ್ಲಿ ಒಂದು ಐತಿಹ್ಯವಿದೆ. ದುಷ್ಟಶಕ್ತಿಯೊಂದನ್ನು ಬಂಡೆಗೆ ಸರಪಳಿಯಿಂದ ಬಿಗಿದಿದೆ; ವರ್ಷವರ್ಷವೂ ಎಷ್ಟು ಪಿಸಂಕಾ ಬರೆದರೆಂದು ಅದರ ದೂತರು ಎಣಿಸಿ ಬರುತ್ತಾರೆ; ಬರೆಯುವವರು ಕಡಿಮೆಯಾದರೆ ಸರಪಳಿ ಸಡಿಲುತ್ತದೆ. ಇದನ್ನು ಅಕ್ಷರಶಃ ನಂಬಬೇಕಾಗಿಲ್ಲ. ಮನೆಯಲ್ಲಿ ಮಗುವಿನ ಕೈಗೆ ಕೆಲಸವಿಲ್ಲವಾದಾಗ ಏನೋ ಒಂದು ಕೇಡು ಬಿಡುಗಡೆ ಹೊಂದುವುದೆಂಬ ಮಾತು ಮಾತ್ರ ಸುಳ್ಳಲ್ಲ.

ಶಾಲೆಯ ಕೆಲಸ ವೈಚಾರಿಕತೆಯನ್ನು ಬೆಳೆಸುವುದು, ಮನೆಯ ಆಚಾರಗಳನ್ನೆಲ್ಲ ಎತ್ತಿಹಿಡಿಯುವುದಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆ ಯುಕ್ತವಾದುದೇ. ಆಚಾರವೆಂದೊಡನೆ ಅದು ಶುದ್ಧ ಬಂಗಾರವಲ್ಲ. ಮನುಷ್ಯನನ್ನು ಕೀಳುಮಾಡುವ ಆಚಾರವನ್ನು ಶಾಲೆ ಪ್ರಶ್ನಿಸಲೇಬೇಕು. ಆದರೆ ಪ್ರಶ್ನಿಸುವುದು ಬೇರೆ, ಅವಮಾನಿಸುವುದು ಬೇರೆ. ಪ್ರಶ್ನೆಯು ಮಗುವಿನ ಬುದ್ಧಿಯನ್ನು ತೆರೆಯುತ್ತದೆ. ಅವಮಾನವು ಅದರ ಬಾಯನ್ನು ಮುಚ್ಚಿಸುತ್ತದೆ. ಅಂಗೈ ಪರೀಕ್ಷಿಸಿದ ಶಾಲೆಯೂ ವೈಚಾರಿಕತೆಯ ಹೆಸರನ್ನೇ ಹೇಳಿತ್ತೆಂಬುದನ್ನು ಮರೆಯಲಾಗದು.

ಕನ್ನಡ ನಾಡಿನ ಶಾಲೆಗಳಲ್ಲಿ ಅಂತಹ ಬಲಾತ್ಕಾರವಿಲ್ಲವೆಂಬುದು ಸಮಾಧಾನದ ಸಂಗತಿ. ಆದರೆ ಅಲಕ್ಷ್ಯವುಂಟು. ಯುಗಾದಿಯೂ ಈಸ್ಟರ್ ಹಬ್ಬವೂ ವಾರ್ಷಿಕ ಪರೀಕ್ಷೆಯ ಹೊತ್ತಿಗೇ ಬರುತ್ತವೆ. ಬೇವು ಬೆಲ್ಲ ಅರೆಯುವ ಕಲ್ಲಿನ ಬಳಿ ಕುಳಿತ ಮಗುವನ್ನು 'ಓದಿಕೋ ಹೋಗು' ಎಂದು ತಂದೆತಾಯಿಗಳೇ ಎಬ್ಬಿಸಿ ಕಳುಹಿಸುತ್ತಾರೆ. ಅಂಕಗಳ ಆಸೆಯನ್ನು ಅವರಲ್ಲಿ ಬಿತ್ತಿದ ಶಾಲೆಗೂ ಅದರಲ್ಲಿ ಪಾಲಿದೆ. ಬಾಗಿಲ ಮುಂದೆ ಅಂಟಿಸುವ ಅಚ್ಚಿನ ರಂಗವಲ್ಲಿ ಅಂಗಡಿಯಲ್ಲಿ ದೊರೆಯುತ್ತದೆ. ಆದರೆ ಚುಕ್ಕಿಯಿಟ್ಟು ಎಣಿಸಿ ಗೆರೆ ಕೂಡಿಸುವ ವಿದ್ಯೆ ಅಂಗಡಿಯಲ್ಲಿ ದೊರೆಯದು. ಕಾವಲಿನವರು ಅಳಿಸಲಾರದೆ ಹೋದದ್ದನ್ನು ಅಲಕ್ಷ್ಯವು ಸದ್ದಿಲ್ಲದೆ ಅಳಿಸಬಲ್ಲುದು.

ಇದಕ್ಕೆ ದುಬಾರಿಯಾದ ಯೋಜನೆಗಳೇನೂ ಬೇಕಾಗಿಲ್ಲ. ವರ್ಷಕ್ಕೊಮ್ಮೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹಬ್ಬದಲ್ಲಿ ತನ್ನ ಕೈಗೆ ಬಂದ ಒಂದು ಕೆಲಸವನ್ನು ಮನೆಯ ಹಿರಿಯರಿಂದ ಕೇಳಿ ತಿಳಿದು ಒಂದು ಪುಟದಲ್ಲಿ ಬರೆದು ತರಲಿ. ಹಬ್ಬ ಯಾವ ಮತದ್ದಾದರೂ ಆಗಲಿ. ಶಿಕ್ಷಕರು ಅದನ್ನು ತಿದ್ದುವಾಗ ಕಾಗುಣಿತವನ್ನಷ್ಟೇ ತಿದ್ದಲಿ. ಮನೆಯ ಮಾತಿನ ಪದಗಳನ್ನು ಹಾಗೆಯೇ ಉಳಿಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಬಾಲ್ಯದ್ದನ್ನು ಬರೆದು ಕಳುಹಿಸಲಿ. ದಾನಿಗಳು ಅಂತಹ ಪುಟಗಳನ್ನು ಅಚ್ಚು ಹಾಕಿಸುವ ವೆಚ್ಚಕ್ಕೆ ನೆರವಾದರೆ ಅದೂ ಕಟ್ಟಡದಾನಕ್ಕೆ ಕಡಿಮೆಯಾದದ್ದಲ್ಲ. ೧೮೯೯ರಲ್ಲಿ ಬರೆದಿಟ್ಟ ಗೆರೆಗಳು ನೂರು ವರ್ಷಗಳ ಅನಂತರ ಒಂದು ಜನಾಂಗದ ಕೈಹಿಡಿದವು.

ಮಗುವಿನ ಬೆರಳಿಗೆ ಅಂಟಿದ ಬಣ್ಣವನ್ನು ಕಂಡಾಗ ಗುರುವು ಕೇಳಬೇಕಾದ ಪ್ರಶ್ನೆ ಒಂದೇ: 'ಇದನ್ನು ನಿನಗೆ ಯಾರು ಕಲಿಸಿದರು, ಮಗು? ನಮಗೂ ಹೇಳು.' ಹೀಗೆ ಕೇಳಬಲ್ಲ ಶಾಲೆಯಲ್ಲಿ ಮಗು ಮನೆಯನ್ನು ಬಚ್ಚಿಡಬೇಕಾಗುವುದಿಲ್ಲ.