ಎದೆ ನಮ್ಮದು, ಬಾಡಿಗೆ ಅವರದು

ಐಪಿಎಲ್ ಶುರುವಾಯಿತೆಂದರೆ ಸಾಕು, ಬೆಂಗಳೂರಿನ ಮೆಟ್ರೊ, ದರ್ಶಿನಿ, ಆಫೀಸಿನ ಲಿಫ್ಟು ಎಲ್ಲ ಕಡೆ ಆರ್‌ಸಿಬಿ ಅಂಗಿಯ ಒಂದೇ ಬಣ್ಣ. ಬೆನ್ನ ಮೇಲೆ ಕೊಹ್ಲಿಯ 18 ಎಂಬ ಅಂಕಿ ಹೊತ್ತು ಇಡ್ಲಿ ತಿನ್ನುತ್ತಿರುವ ಮಧ್ಯವಯಸ್ಕರನ್ನು ಕಂಡು ನಗುವವರೂ ಇದ್ದಾರೆ, ‘ನಗೋಕೆ ನೀವ್ಯಾರು’ ಎಂದು ಅವರ ಮೇಲೆ ಮುಗಿಬೀಳುವವರೂ ಇದ್ದಾರೆ. ಈ ಜಗಳ ಪ್ರತಿ ವರ್ಷ ನಡೆಯುತ್ತದೆ, ಪ್ರತಿ ವರ್ಷವೂ ತಪ್ಪು ಜಾಗದಲ್ಲೇ ನಡೆಯುತ್ತದೆ. ನಗುವವರು ಹೊಟ್ಟೆ ನೋಡಿ ನಗುತ್ತಾರೆ. ಆಟಗಾರನ ಅಳತೆಗೆ ಹೊಲಿದದ್ದು ಗುಮಾಸ್ತನ ಮೈಗೆ ಒಪ್ಪುವುದಿಲ್ಲ ಎನ್ನುತ್ತಾರೆ. ಹೊಟ್ಟೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಎದೆಯ ಬಗ್ಗೆ. ದುಡಿಯುವ, ಓಟು ಹಾಕುವ, ಸಾಲದ ಪತ್ರಕ್ಕೆ ಸಹಿ ಮಾಡುವ ವಯಸ್ಸಿನ ಮನುಷ್ಯ ತನ್ನ ಎದೆಯನ್ನು ಯಾವುದೋ ಕಂಪನಿಗೆ ಪುಕ್ಕಟೆಯಾಗಿ, ಪುಕ್ಕಟೆಯೂ ಅಲ್ಲ, ಮೇಲಿಂದ ತಾನೇ ದುಡ್ಡು ಕೊಟ್ಟು ಬಿಟ್ಟುಕೊಡುತ್ತಾನೆ. ಅದಕ್ಕೆ ಅಭಿಮಾನ ಎಂದು ಹೆಸರಿಟ್ಟುಕೊಂಡಿದ್ದಾನೆ.

ಆ ಅಂಗಿಯನ್ನು ಒಮ್ಮೆ ಹ್ಯಾಂಗರಿಗೆ ನೇತುಹಾಕಿ ನೋಡಿ. 2023ರಿಂದ ಮೂರು ಸೀಸನ್ ಆರ್‌ಸಿಬಿ ಅಂಗಿಯ ನಟ್ಟನಡುವೆ, ರಸ್ತೆಯ ಆಚೆ ಬದಿಯಿಂದಲೂ ಓದಲು ಬರುವಷ್ಟು ದೊಡ್ಡದಾಗಿ ಇದ್ದದ್ದು ಕತಾರ್ ಏರ್‌ವೇಸ್. ತಂಡದ ಸಿಂಹಲಾಂಛನ ಒಂದು ಪಕ್ಕಕ್ಕೆ, ಅಂಗೈಯಲ್ಲಿ ಮುಚ್ಚಬಹುದಾದಷ್ಟು. ತೋಳು ಒಬ್ಬರಿಗೆ, ಬೆನ್ನು ಇನ್ನೊಬ್ಬರಿಗೆ, ತಯಾರಿಸಿದ ಕಂಪನಿಯ ಗುರುತಿಗೆ ಮತ್ತೊಂದು ಪಕ್ಕ. ಬೆಂಗಳೂರು ಎಂಬ ಹೆಸರನ್ನು ಲಾಂಛನದೊಳಗೆ ಕಣ್ಣು ಕಿರಿದುಮಾಡಿಕೊಂಡು ಹುಡುಕಬೇಕು. ಈ ಜಾಗಗಳಿಗೆಲ್ಲ ದರವಿದೆ. ಭಾರತ ತಂಡದ ಎದೆಗೆ 2023ರಲ್ಲಿ ಡ್ರೀಮ್ ಇಲೆವೆನ್ ಕಟ್ಟಿದ ಬೆಲೆ 358 ಕೋಟಿ ರೂಪಾಯಿ. ಮೂರು ವರ್ಷವೂ ತುಂಬದ ಅವಧಿಗೆ. ಆ ಹಣ ಕ್ರಿಕೆಟ್ ಮಂಡಳಿಗೆ ಹೋಯಿತು. ಅಂಗಿ ತೊಟ್ಟ ಆಟಗಾರನಿಗೆ ಸಂಭಾವನೆ ಸಿಕ್ಕಿತು. ಅಂಗಿ ಮಾರಿದವರಿಗೆ ಲಾಭ ಸಿಕ್ಕಿತು. ಇಡೀ ವ್ಯವಹಾರದಲ್ಲಿ ಜೇಬಿಗೆ ಕೈಹಾಕಿ ಕೊಟ್ಟವನು, ಒಂದು ಪೈಸೆಯೂ ಪಡೆಯದವನು ಅಭಿಮಾನಿ ಒಬ್ಬನೇ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಇಷ್ಟು ಅಕ್ಷರಶಃ ನಿಜವಾದದ್ದು ಬೇರೆಲ್ಲೂ ಇರಲಿಕ್ಕಿಲ್ಲ. ಪಂದ್ಯ ಮುಗಿದ ಮೇಲೆ ಆಟಗಾರ ಅಂಗಿ ಬಿಚ್ಚುತ್ತಾನೆ, ಅವನ ಡ್ಯೂಟಿ ಮುಗಿಯಿತು. ನಮ್ಮವರು ಅದನ್ನೇ ತೊಟ್ಟು ಮಾರನೇ ದಿನ ಮಲ್ಲೇಶ್ವರದ ಮಾರ್ಕೆಟ್ಟಿಗೆ ಹೋಗಿ ಸೊಪ್ಪಿನವಳ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. 358 ಕೋಟಿಯ ಜಾಗವನ್ನು ಬಿಟ್ಟಿ ಕೊಟ್ಟವರಿಗೆ ಆ ಐದು ರೂಪಾಯಿಯ ಮೇಲೆ ಎಂಥ ಮಮತೆ!

‘ದೇಶದ ತಂಡದ ಅಂಗಿ ಬೇರೆ, ಅದು ಮಾರಾಟದ ಸರಕಲ್ಲ’ ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ತಟ್ಟಿಕೊಳ್ಳುವ ಮುನ್ನ ಅಲ್ಲಿ ಬರೆದದ್ದನ್ನು ಓದಬೇಕು. ಹನ್ನೆರಡು ವರ್ಷ ಅಲ್ಲಿ ಸಹಾರಾ ಇತ್ತು. ಹೂಡಿಕೆದಾರರ ಸಾವಿರಾರು ಕೋಟಿ ಹಿಂದಿರುಗಿಸಿ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಅದೇ ಸಹಾರಾ. ಆಮೇಲೆ ಸ್ಟಾರ್, ಆಮೇಲೆ ಒಪ್ಪೊ. 2019ರಲ್ಲಿ ನಮ್ಮ ಬೆಂಗಳೂರಿನದೇ ಬೈಜೂಸ್ ಬಂತು. ಪ್ರಾಯೋಜಕತ್ವದ 158 ಕೋಟಿ ಬಾಕಿಗಾಗಿ ಮಂಡಳಿಯೇ ಅದನ್ನು ಕಂಪನಿ ಕಾನೂನು ನ್ಯಾಯಮಂಡಳಿಗೆ ಎಳೆದು, 2024ರಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಆಮೇಲೆ ಡ್ರೀಮ್ ಇಲೆವೆನ್. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು, ಕಂಪನಿ ಅರ್ಧದಾರಿಯಲ್ಲೇ ಅಂಗಿಯಿಂದ ಇಳಿದುಹೋಯಿತು. ಮಂಡಳಿಗೇನೂ ನಷ್ಟವಾಗಲಿಲ್ಲ, ಅಪೊಲೊ ಟೈರ್ಸ್ ಸುಮಾರು 579 ಕೋಟಿ ಹಿಡಿದು ಬಂತು. ನಷ್ಟವಾದದ್ದು ಬೀರುವಿನಲ್ಲಿ ಹಳೆಯ ಅಂಗಿ ಮಡಚಿಟ್ಟುಕೊಂಡವರಿಗೆ. ದೇಶಪ್ರೇಮದ ಹೆಸರಿನಲ್ಲಿ ಅವರು ಕೂಡಿಟ್ಟುಕೊಂಡಿರುವುದು ಕೋರ್ಟು ಕಚೇರಿಗಳ ದಾಖಲೆ. ತಮಾಷೆಯೆಂದರೆ, ವಿಶ್ವಕಪ್ಪಿನಲ್ಲಿ ಇದೇ ತಂಡದ ಎದೆಯ ನಟ್ಟನಡುವೆ ದೇಶದ ಹೆಸರಷ್ಟೇ ಇರುತ್ತದೆ, ಐಸಿಸಿ ನಿಯಮವೇ ಹಾಗಿದೆ. ಆಗ ಯಾರ ಅಭಿಮಾನವೂ ಕಡಿಮೆಯಾದದ್ದು ಕಂಡಿಲ್ಲ.

ಇನ್ನು ಆರ್‌ಸಿಬಿ, ಅಂದರೆ ರಾಯಲ್ ಚಾಲೆಂಜರ್ಸ್ ಬೆಂಗಳೂರು. ಇಲ್ಲಿ ಎದೆಯ ಮೇಲಿನ ಹೆಸರನ್ನು ಅಳಿಸಿದರೂ ಜಾಹೀರಾತು ಹೋಗುವುದಿಲ್ಲ, ಯಾಕೆಂದರೆ ತಂಡದ ಹೆಸರೇ ಜಾಹೀರಾತು. 2008ರಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರಿಗೆ ಫ್ರಾಂಚೈಸಿ ಕೊಂಡು ಅದಕ್ಕಿಟ್ಟದ್ದು ತಮ್ಮ ರಾಯಲ್ ಚಾಲೆಂಜ್ ವಿಸ್ಕಿಯ ಹೆಸರನ್ನು. ನಮ್ಮ ಟಿವಿಯಲ್ಲಿ ಮದ್ಯದ ಜಾಹೀರಾತು ನಿಷಿದ್ಧ. ಅದಕ್ಕೇ ಸೋಡಾ, ಕುಡಿಯುವ ನೀರು, ಹಾಡಿನ ಸಿ.ಡಿ. ಎಂದೆಲ್ಲ ವೇಷ ಹಾಕಿ ಬರುತ್ತದೆ. ಆ ವೇಷಗಳಲ್ಲೆಲ್ಲ ಅತಿ ಯಶಸ್ವಿ ವೇಷ ಕ್ರಿಕೆಟ್ ತಂಡ. ಇದು ನಮ್ಮ ಸ್ವಂತ ಆವಿಷ್ಕಾರವೂ ಅಲ್ಲ. 1973ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ಫುಟ್‌ಬಾಲ್ ಕ್ಲಬ್ಬಿಗೆ ಅಂಗಿಯ ಮೇಲೆ ಜಾಹೀರಾತು ಹಾಕಲು ಅನುಮತಿ ಸಿಗದಾಗ, ಅದು ತನ್ನ ಲಾಂಛನವನ್ನೇ ಯೇಗರ್‌ಮೈಸ್ಟರ್ ಮದ್ಯದ ಬಾಟಲಿಯ ಮೇಲಿನ ಜಿಂಕೆತಲೆಗೆ ಬದಲಿಸಿಕೊಂಡುಬಿಟ್ಟಿತು. ಲಾಂಛನ ತಾನೇ, ಯಾರು ತಡೆಯುತ್ತಾರೆ? ಇಂಗ್ಲೆಂಡಿನಲ್ಲಿ ಮಕ್ಕಳ ಅಳತೆಯ ಅಂಗಿಗಳ ಮೇಲೆ ಮದ್ಯದ, ಜೂಜಿನ ಕಂಪನಿಗಳ ಹೆಸರು ಹಾಕದ ಕಟ್ಟುಪಾಡನ್ನಾದರೂ ಮಾಡಿಕೊಂಡರು. ನಮ್ಮಲ್ಲಿ ಅಪ್ಪನೂ ಮಗನೂ ಒಂದೇ ವಿಸ್ಕಿಯ ಹೆಸರು ತೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಮಗನಿಗೆ ತಿಳಿಯದು, ಬಿಡಿ. ಅಪ್ಪನಿಗೆ?

‘ಅದೆಲ್ಲ ಲೆಕ್ಕಾಚಾರ, ನಮಗೆ ಈ ತಂಡವೆಂದರೆ ಊರು, ನಾಡು, ಭಾಷೆ’ ಎನ್ನುವುದು ಕೊನೆಯ ಬ್ರಹ್ಮಾಸ್ತ್ರ. ಯಾವ ನಾಡು ಸ್ವಾಮಿ? 2024ರ ನವೆಂಬರಿನಲ್ಲಿ ಇದೇ ಫ್ರಾಂಚೈಸಿ ಹಿಂದಿಯಲ್ಲಿ ಎಕ್ಸ್ ಖಾತೆ ತೆರೆದಾಗ ಕೂಗಾಡಿದವರೂ ಇದೇ ಅಂಗಿ ತೊಟ್ಟವರೇ. ಕಂಪನಿಗೆ ಹಿಂದಿ ಮಾರುಕಟ್ಟೆ ಬೇಕಿತ್ತು, ಹೋಯಿತು; ಅದಕ್ಕೆ ನಾಡಿನ ಹಂಗು ಯಾವಾಗ ಇತ್ತು? 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಕಪ್ ಗೆದ್ದ ಮಾರನೇ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ 11 ಜನ ಕಾಲ್ತುಳಿತಕ್ಕೆ ಸತ್ತರು. ಅಷ್ಟು ಜನ ಸೇರಲು ಮೇಲ್ನೋಟಕ್ಕೆ ಆರ್‌ಸಿಬಿಯೇ ಹೊಣೆ ಎಂದು ಕೇಂದ್ರ ಆಡಳಿತ ನ್ಯಾಯಮಂಡಳಿ ಹೇಳಿತು. ಐದೇ ತಿಂಗಳಲ್ಲಿ, ನವೆಂಬರಿನಲ್ಲಿ, ಮಾಲೀಕ ಕಂಪನಿ ಯುನೈಟೆಡ್ ಸ್ಪಿರಿಟ್ಸ್ ಷೇರುಪೇಟೆಗೆ ಪತ್ರ ಬರೆದು, ಈ ತಂಡದಲ್ಲಿನ ಹೂಡಿಕೆಯನ್ನು ಪರಿಶೀಲನೆಗೆ ಇಟ್ಟಿರುವುದಾಗಿ ತಿಳಿಸಿತು. ತನ್ನ ಮದ್ಯದ ವ್ಯಾಪಾರಕ್ಕೆ ಇದು ಮುಖ್ಯವಲ್ಲ ಎಂಬ ವಿವರಣೆಯೂ ಜೊತೆಗಿತ್ತು. ಪತ್ರ ಹೋದದ್ದು ಷೇರುದಾರರಿಗಾಗಿ. ಹದಿನೆಂಟು ವರ್ಷ ಗಂಟಲು ಹರಿದುಕೊಂಡವರನ್ನು ಯಾರೂ ಕೇಳಲಿಲ್ಲ, ಕೇಳಬೇಕಾದ ಕಾನೂನೂ ಇಲ್ಲ.

ನಾಡಿನ ತಂಡವೇ ಬೇಕೆಂದರೆ ಒಂದು ಇದೆ, ಕರ್ನಾಟಕದ ರಣಜಿ ತಂಡ. 1974ರಲ್ಲಿ ಇದೇ ಚಿನ್ನಸ್ವಾಮಿ ಅಂಗಳದಲ್ಲಿ ಪ್ರಸನ್ನ ನಾಯಕತ್ವದಲ್ಲಿ, ಸತತ 15 ವರ್ಷ ರಣಜಿ ಟ್ರೋಫಿ ಬಿಟ್ಟುಕೊಡದ ಮುಂಬೈಯನ್ನು ಸೆಮಿಫೈನಲ್ಲಿನಲ್ಲಿ ಮಣಿಸಿದ ತಂಡ. 2015ರವರೆಗೆ ಎಂಟು ಸಲ ಆ ಟ್ರೋಫಿ ಗೆದ್ದ ತಂಡ. ಚಂದ್ರಶೇಖರ್, ವಿಶ್ವನಾಥ್, ಕಿರ್ಮಾನಿ, ಕುಂಬ್ಳೆ, ಶ್ರೀನಾಥ್, ದ್ರಾವಿಡ್ ಹೊರಬಂದದ್ದು ಅಲ್ಲಿಂದ. 2014–15ರ ಫೈನಲ್ಲಿನಲ್ಲಿ ತಮಿಳುನಾಡಿನ ಮೇಲೆ ಕರುಣ್ ನಾಯರ್ 328 ರನ್ ಹೊಡೆದ ದಿನ ಬೆಂಗಳೂರಿನ ಯಾವ ಬೀದಿ ಕೆಂಪಾಯಿತು? ಆ ತಂಡದ ಪಂದ್ಯಕ್ಕೆ ಖಾಲಿ ಗ್ಯಾಲರಿಯಲ್ಲಿ ನಾಲ್ಕು ಜನ ನಿವೃತ್ತರು ಕಡಲೆಕಾಯಿ ಬಿಡಿಸುತ್ತ ಕೂತಿರುತ್ತಾರೆ. ಮಾರುವವನೊಬ್ಬ ಬಂದು ಬಣ್ಣ ಹಚ್ಚಿ ಕೊಡುವ ತನಕ ನಮ್ಮದನ್ನು ನಮ್ಮದೆಂದು ನಾವು ಗುರುತಿಸುವುದಿಲ್ಲ. ಅಂಗಿಯ ಮೇಲೆ ಹೆಸರಿರುವುದೇ ತಪ್ಪೆಂದಲ್ಲ. ಜಿಲ್ಲಾ ಮಟ್ಟದ ಕಬಡ್ಡಿ ತಂಡ ಊರವರ ಚಂದಾ ಎತ್ತಿ ಅಂಗಿ ಹೊಲಿಸಿಕೊಳ್ಳುತ್ತದೆ, ಬೆನ್ನ ಮೇಲೆ ಊರಿನ ಕಿರಾಣಿ ಅಂಗಡಿಯ ಹೆಸರಿರುತ್ತದೆ. ಅದು ನ್ಯಾಯವಾದ ವ್ಯವಹಾರ. ಅಂಗಡಿಯವನು ಕೊಟ್ಟ, ಹುಡುಗರು ತೊಟ್ಟರು.

ಎಲ್ಲ ಬಟ್ಟೆಯ ಮೇಲೂ ಯಾವುದೋ ಕಂಪನಿಯ ಗುರುತಿರುತ್ತದಲ್ಲ ಎಂದು ಕೆಲವರು ಜಾಣತನ ತೋರಿಸುತ್ತಾರೆ. ಇರುತ್ತದೆ, ಆ ಬಟ್ಟೆ ಮಾಡಿದವನದು, ಬೆರಳಗಲ. ಪ್ಯಾಂಟು ಕೊಂಡರೆ ಅದರ ಮೇಲೆ ವಿಮಾನ ಕಂಪನಿ, ಟೈರು ಕಂಪನಿ ಕೂತಿರುವುದಿಲ್ಲ. ಸಿನಿಮಾ ನಟರ ಚಿತ್ರವಿರುವ ಅಂಗಿ ತೊಡುವುದಿಲ್ಲವೇ ಎನ್ನುವವರಿಗೆ: ಆ ಅಂಗಿಯ ಮೇಲೆ ಇರುವುದು ನೀವು ಮೆಚ್ಚಿದ ಮುಖ. ಕೊಹ್ಲಿಯ ಮುಖವನ್ನೇ ಅಚ್ಚು ಹಾಕಿಸಿಕೊಂಡು ತಿರುಗಿ, ನಾನು ಚಕಾರ ಎತ್ತುವುದಿಲ್ಲ. ಇನ್ನು ಫುಟ್‌ಪಾತ್ ಪಂಡಿತರು. ಪಂದ್ಯದ ದಿನ ಎಂ.ಜಿ. ರಸ್ತೆಯ ಸುತ್ತಮುತ್ತ ಹಗ್ಗಕ್ಕೆ ನೇತುಹಾಕಿ ಮಾರುವ ನಕಲಿ ಅಂಗಿ ಕೊಂಡು, ಕಂಪನಿಗೆ ಟೋಪಿ ಹಾಕಿದೆವೆಂದು ಬೀಗುತ್ತಾರೆ. ಆ ಬೀದಿ ವ್ಯಾಪಾರಿಗೆ ನಾಲ್ಕು ಕಾಸು ಸಿಗುವುದು ಒಳ್ಳೆಯದೇ. ಆದರೆ ನಕಲು ಮಾಡಿದವನು ಪ್ರಾಯೋಜಕನ ಹೆಸರನ್ನೂ ಬಿಡದೆ, ಅಕ್ಷರ ಒಂಚೂರು ಸೊಟ್ಟಗಾದರೂ ಶ್ರದ್ಧೆಯಿಂದ ಅಚ್ಚು ಹಾಕಿರುತ್ತಾನೆ. ಹೆಸರಿಲ್ಲದಿದ್ದರೆ ಗಿರಾಕಿ ‘ಇದು ಒರಿಜಿನಲ್ ಥರ ಇಲ್ಲ’ ಎಂದು ವಾಪಸು ಕೊಡುತ್ತಾನಂತೆ. ಕಂಪನಿಗೆ ಇದಕ್ಕಿಂತ ಅಗ್ಗದ ಪ್ರಚಾರ ಎಲ್ಲಿದೆ? ಬಟ್ಟೆಯ ಖರ್ಚೂ ಅದರದಲ್ಲ.

ಪಂದ್ಯಕ್ಕೆ ಹೋಗಿ, ಕೂಗಿ, ಕುಣಿಯಿರಿ, ಯಾರು ಬೇಡವೆಂದರು? ಕೆಂಪು ಬಟ್ಟೆಯೇ ಬೇಕೆಂದರೆ ಚಿಕ್ಕಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ, ಅದರ ಮೇಲೆ ಏನೂ ಬರೆದಿರುವುದಿಲ್ಲ. ಅದಕ್ಕೂ ಮೀರಿ ಯಾವುದೋ ಕಂಪನಿಯ ಹೆಸರನ್ನು ಎದೆಯ ಮೇಲೆ ಹೊರಲೇಬೇಕೆಂಬ ಹಟವಿದ್ದರೆ, ಮೊದಲು ಆ ಕಂಪನಿಗೆ ಒಂದು ಪತ್ರ ಬರೆದು ದಿನಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿ ನೋಡಿ.