ಕೆಟ್ಟ ಬೆಂಡೆ ಗಿಡಕ್ಕೆ ಎಷ್ಟು ಅಂಕ?

ವಿಜಯಪುರದ ನಮ್ಮ ಮನೆಯ ಹಿತ್ತಲಲ್ಲಿ ನಾಲ್ಕು ಮಡಿಗಳ ಕೈತೋಟವಿದೆ. ಕಳೆದ ವರ್ಷ ಮೆಂತೆ, ಪುಂಡಿಪಲ್ಯೆ ಚೆನ್ನಾಗಿ ಬಂದವು. ಹೀರೆ ಬಳ್ಳಿಯಲ್ಲಿ ಹೂಗಳೆಲ್ಲ ಕಾಯಿ ಕಟ್ಟದೆ ಉದುರಿದ್ದರಿಂದ ಬೇಸತ್ತು ಬಳ್ಳಿಯನ್ನೇ ಕಿತ್ತೆ. ಹೀರೆಯಲ್ಲಿ ಮೊದಲು ಗಂಡು ಹೂ, ಆಮೇಲೆ ಹೆಣ್ಣು ಹೂ ಎಂದು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದವನು ನಾನೇ! ಹೇಳುವುದು ಬೇರೆ, ಕಾಯುವುದು ಬೇರೆ ಎಂದು ಆಗ ತಿಳಿಯಿತು.

ಈಚೆಗೆ ತಿಕೋಟಾ ಭಾಗದ ಶಾಲೆಯೊಂದಕ್ಕೆ ಪಾಠ ವೀಕ್ಷಣೆಗೆ ಹೋಗಿದ್ದೆ. ಪ್ರಶಿಕ್ಷಣಾರ್ಥಿಯೊಬ್ಬರು ಸಂತೆಯಿಂದ ತಂದ ಎಳೆ ಬೆಂಡೆಕಾಯಿ ತೋರಿಸಿ ಚೊಕ್ಕ ಪಾಠ ಮಾಡಿದರು. ಒಳ್ಳೆಯ ಅಂಕ ಕೊಟ್ಟೆ. ಹೊರಗೆ ಬಂದರೆ, ಮಕ್ಕಳೇ ಬಿತ್ತಿದ್ದ ಬೆಂಡೆ ಗಿಡಗಳು ಹಳದಿ ನಂಜು ರೋಗ ತಗುಲಿ ನಿಂತಿದ್ದವು. ‘ಇವನ್ನೇಕೆ ತೋರಿಸಲಿಲ್ಲ?’ ಎಂದೆ. ‘ಸರ, ಕೆಟ್ಟ ಗಿಡ ತೋರಿಸಿದ್ರ ಮಾರ್ಕ್ಸ್ ಹೋಗ್ತಾವಂತ ಬಿಟ್ಟೆ’ ಎಂದರು. ತಪ್ಪು ಅವರದಲ್ಲ. ಅಂಕ ಕೊಡುವ ನಮ್ಮದು.

ಆ ಹಳದಿ ಗಿಡದಲ್ಲೇ ಪಾಠವಿತ್ತು. ಈ ರೋಗವನ್ನು ಹರಡುವುದು ಬಿಳಿ ನೊಣ; ಎಲೆ ಮಗುಚಿದರೆ ಅಡಿಯಲ್ಲಿ ಕಾಣುತ್ತದೆ. ರೋಗದ ಗಿಡವನ್ನು ಬೇಗ ಕಿತ್ತರೆ ಉಳಿದವು ಬದುಕಬಹುದು. ತಿಕೋಟಾ, ಬಬಲೇಶ್ವರದ ಮಕ್ಕಳಲ್ಲಿ ಅನೇಕರು ದ್ರಾಕ್ಷಿ, ತೊಗರಿ, ಜೋಳ ಬೆಳೆಯುವ ಮನೆಗಳವರು. ಬೆಳೆ ಕೆಡುವುದು ಅವರಿಗೆ ಹೊಸದಲ್ಲ. ಅವರ ಮುಂದೆ ಕೆಡದ ಕಾಯಿಯನ್ನಷ್ಟೇ ಇಟ್ಟರೆ, ಪುಸ್ತಕದ ವಿಜ್ಞಾನ ಬೇರೆ, ಹೊಲದ್ದು ಬೇರೆ ಎಂದು ನಾವೇ ಕಲಿಸಿದಂತೆ.

ಸಮಯವಿಲ್ಲ ಎನ್ನುವಂತಿಲ್ಲ. ಎನ್‌ಸಿಟಿಇಯ 2014ರ ನಿಯಮಾವಳಿ ಬಿ.ಇಡಿ.ಗೆ 20 ವಾರಗಳ ಶಾಲಾ ಇಂಟರ್ನ್‌ಶಿಪ್ ಇಟ್ಟಿದೆ. ಅದರಲ್ಲಿ 16 ವಾರ ಎರಡನೇ ವರ್ಷದಲ್ಲಿ. ಮೆಂತೆ ಸುಮಾರು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಬೆಂಡೆ 45–50 ದಿನಕ್ಕೆ ಕಾಯಿ ಬಿಡುತ್ತದೆ. ಒಮ್ಮೆ ಕೆಟ್ಟರೆ ಮತ್ತೊಮ್ಮೆ ಬಿತ್ತಲು 16 ವಾರ ಸಾಕು. ಶಾಲಾ ಪೌಷ್ಟಿಕ ಕೈತೋಟಕ್ಕೆ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ 2019ರಿಂದ ಇದೆ.

ಹಾಗಾದರೆ ನೀರು ಹಾಕದೆ ಒಣಗಿಸಿದವರಿಗೂ ಅಂಕವೇ ಎಂದು ಸಹೋದ್ಯೋಗಿಗಳು ಕೇಳಬಹುದು. ಇಲ್ಲ. ಅಂಕ ಗಿಡಕ್ಕಲ್ಲ, ದಾಖಲೆಗೆ. ಏನು ಕೆಟ್ಟಿತು, ಯಾವ ದಿನ ಗಮನಿಸಿದಿರಿ, ಮಕ್ಕಳು ಯಾವ ಕಾರಣ ಊಹಿಸಿದರು, ಮುಂದೇನು ಬದಲಿಸಿದಿರಿ—ಬೋಧನಾಭ್ಯಾಸದ ದಿನಚರಿಯಲ್ಲಿ ಈ ನಾಲ್ಕು ಪ್ರಶ್ನೆಗಳಿರಲಿ. ವೀಕ್ಷಕರಾದ ನಾವು ಪಾಠಕ್ಕೆ ಕೂರುವ ಮೊದಲು ಶಾಲೆಯ ಹಿಂದಿನ ಮಡಿಯನ್ನು ಒಮ್ಮೆ ನೋಡಿ ಬರೋಣ.