ಮುಚ್ಚಳ ತೆಗೆದು ಫೋಟೋ ಹಾಕಿ

1/7

ಈ ಫೋಟೋದಲ್ಲಿ ಟ್ಯಾಂಕ್ ಚೆನ್ನಾಗಿ ಕಾಣಲ್ಲ, ಗೊತ್ತು. ಟರೆಟ್ ಇಲ್ಲ, ಮೇಲಿನ ಮುಚ್ಚಳ ಇಲ್ಲ. ಕೆಂಪು-ಕಪ್ಪು ವೈರು, ಹಳದಿ ಸ್ಲೀವು, ಮಾರ್ಕರಲ್ಲಿ ಬರೆದ ನಂಬರು, ಇಷ್ಟೇ. ಬೇಕು ಅಂತಲೇ ಇದನ್ನ ಮೊದಲು ಹಾಕಿದೀನಿ. ಪೇಂಟ್ ಆದ ಫೋಟೋ ಕೊನೇ ಸ್ಲೈಡಲ್ಲಿದೆ, ಅರ್ಜೆಂಟ್ ಇರೋರು ಸ್ವೈಪ್ ಮಾಡ್ಕೊಂಡು ಹೋಗಿ.

ಹೋದ ವಾರ ಒಂದು ಮೆಸೇಜ್ ಬಂತು. ಹತ್ತನೇ ಕ್ಲಾಸ್ ಹುಡುಗ. "ಅಣ್ಣಾ, ನಿಮ್ಮ ಫಸ್ಟ್ ಟ್ಯಾಂಕ್ ರೀಲ್ ನೋಡ್ಕೊಂಡು ನಾನೂ ಮಾಡ್ತಾ ಇದೀನಿ. ಹಳೇ ಲ್ಯಾಪ್‌ಟಾಪ್ ಬ್ಯಾಟರಿಯ ಸೆಲ್ ಸಿಕ್ಕಿದೆ. ಫ್ಯೂಸ್ ಏನಾದ್ರೂ ಹಾಕ್ಬೇಕಾ? ನಿಮ್ಮ ವಿಡಿಯೋದಲ್ಲಿ ಕಾಣ್ಲಿಲ್ಲ."

ಕಾಣಲಿಲ್ಲ, ಯಾಕಂದ್ರೆ ಇರಲೇ ಇಲ್ಲ. ಆ ರೀಲ್ ಹಾಕಿದ ಎರಡನೇ ದಿನಕ್ಕೆ ಆ ಟ್ಯಾಂಕ್ ನಮ್ಮನೇಲಿ ಸುಟ್ಟುಹೋಯ್ತು. ಸುಟ್ಟಿದ್ದನ್ನ ನಾನು ಹಾಕಲಿಲ್ಲ. ಚೆನ್ನಾಗಿ ಓಡಿದ 28 ಸೆಕೆಂಡ್ ಮಾತ್ರ ಇವತ್ತಿಗೂ ನನ್ನ ಪೇಜಲ್ಲಿದೆ, ಅದಕ್ಕೇ ಜಾಸ್ತಿ ಲೈಕ್ ಕೂಡ. ಆ ಹುಡುಗ ನೋಡ್ಕೊಂಡು ಮಾಡ್ತಿರೋದು ಅದನ್ನೇ. ಮೆಸೇಜ್ ನೋಡಿದ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೇ ಇಷ್ಟುದ್ದ ಬರೀತಿರೋದು.

2/7

ಈ ಸ್ಲೈಡಲ್ಲಿರೋದು ಆ ಮೊದಲನೇ ಟ್ಯಾಂಕಿನ ಶವ. ಎಸೆದಿರಲಿಲ್ಲ, ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೆ.

ಏನಾಗಿತ್ತು ಅಂದ್ರೆ, ಹಳೇ ಸೆಲ್ ಎರಡು ಸೀರೀಸಲ್ಲಿ ಜೋಡಿಸಿದ್ದೆ. ಬಿಎಂಎಸ್ ಬೋರ್ಡ್ ಇಲ್ಲ, ಫ್ಯೂಸ್ ಇಲ್ಲ, ಸ್ವಿಚ್ಚೂ ಇಲ್ಲ. ವೈರ್ ಅಂದ್ರೆ ಕಾಲೇಜ್ ಫೆಸ್ಟಿನ ಪ್ರಾಜೆಕ್ಟ್ ಒಂದರಿಂದ ಉಳಿದ ತೆಳ್ಳಗಿನ ಜಂಪರ್ ವೈರು. ತುದಿ ಸುಲಿದು, ತಿರುಚಿ, ಮೇಲೆ ಟೇಪ್ ಸುತ್ತಿದ್ದೆ. ಸೋಲ್ಡರಿಂಗ್ ಮಾಡಿದ್ದು ಎರಡೇ ಕಡೆ, ಅದೂ ಅಂಟಿರಲಿಲ್ಲ, ಉಂಡೆ ಕಟ್ಟಿತ್ತು. ಮೇಲಿಂದ ನೋಡಿದ್ರೆ ಮಾತ್ರ ಸೂಪರ್. ರಿವೆಟ್ಟು, ಹ್ಯಾಚ್ ಹಿಡಿ, ಆಂಟೆನಾ, ಕೆಸರು ಮೆತ್ತಿದ ಹಾಗೆ ಪೇಂಟು.

ಅವತ್ತು ಊಟಕ್ಕೆ ಕರೆದರು ಅಂತ ಅದನ್ನ ಹಾಗೇ ಬಿಟ್ಟು ಎದ್ದೆ. ಕಂಟ್ರೋಲ್ ನ್ಯೂಟ್ರಲಲ್ಲಿ ಸರಿಯಾಗಿ ನಿಲ್ತಿರಲಿಲ್ಲ, ಟ್ಯಾಂಕ್ ತಾನೇ ಮೆಲ್ಲಗೆ ಹೋಗಿ ಅಜ್ಜಿ ಮಂಚದ ಕಾಲಿಗೆ ಒತ್ತಿ ನಿಂತಿದೆ. ಮೋಟರಿಗೆ ಕರೆಂಟ್ ಹೋಗ್ತಾನೇ ಇತ್ತು, ಚಕ್ರ ತಿರುಗ್ತಿರಲಿಲ್ಲ. ತೆಳ್ಳಗಿನ ವೈರ್ ಕಾದು, ಮೇಲಿನ ಪ್ಲಾಸ್ಟಿಕ್ ಕರಗಿ, ಪ್ಲಸ್ಸು ಮೈನಸ್ಸು ಎರಡೂ ತಾಕಿವೆ. ಆಮೇಲೆ ಇನ್ನೇನು? "ಏನೋ ಸುಟ್ಟ ವಾಸ್ನೆ ಬರ್ತಿದೆ ನೋಡ್ರೋ" ಅಂತ ಅಜ್ಜಿ ಕೂಗಿದಾಗಲೇ ನಮಗೆ ಗೊತ್ತಾಗಿದ್ದು. ಮಂಚದ ಮೇಲೆ ಅಜ್ಜಿ ಮಲಗಿದ್ದರು. ಕೆಳಗೆ ನನ್ನ ಟ್ಯಾಂಕು.

ಅಪ್ಪ ಮೊದಲು ಅಜ್ಜಿಯನ್ನ ಎಬ್ಬಿಸಿ ಆಚೆ ಕಳಿಸಿ, ಆಮೇಲೆ ಉದ್ದನೇ ಪೊರಕೇಲಿ ಅದನ್ನ ಅಂಗಳಕ್ಕೆ ತಳ್ಳಿದರು. ಒಂದು ಸೆಲ್ ಅಂಗಳದಲ್ಲಿ ಬುಸ್ಸಂತ ಹೊಗೆ ಬಿಡ್ತು. ನೆಲದ ಮೇಲೆ ಕಪ್ಪು ಕಲೆ, ಮಂಚದ ಕಾಲು ಒಂದು ಕಡೆ ಸುಟ್ಟಿದೆ. ಅಷ್ಟಕ್ಕೇ ಹೋಯ್ತು.

ನಮ್ಮ ಅಪ್ಪಂದು ಹಿಟ್ಟಿನ ಗಿರಣಿ. ಬೈತಾರೆ ಅನ್ಕೊಂಡಿದ್ದೆ. ಸಂಜೆ ಗಿರಣಿಗೆ ಕರ್ಕೊಂಡು ಹೋಗಿ ಒಂದೇ ಪ್ರಶ್ನೆ ಕೇಳಿದರು. "ಈ ಮೋಟರ್ ಸಿಕ್ಕಾಕೊಂಡ್ರೆ ಏನಾಗುತ್ತೆ?"

"ನಿಂತುಹೋಗುತ್ತೆ."

"ನಿಂತ್ಮೇಲೇ ಕಣೋ ಕರೆಂಟ್ ಜಾಸ್ತಿ ಎಳೆಯೋದು. ಅದಕ್ಕೇ ಸ್ಟಾರ್ಟರಲ್ಲಿ ರಿಲೇ ಬೀಳುತ್ತೆ. ನಿನ್ನ ಗಾಡೀಲಿ ಬೀಳೋಕೆ ಏನಿತ್ತು?"

ಏನೂ ಇರಲಿಲ್ಲ.

3/7

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ಬೇಜಾರಾಗೋರಿಗೆ ಮೊದಲೇ ಸಾರಿ.

ಕನ್ನಡದಲ್ಲಿ ಆರ್‌ಸಿ ಮಾಡೆಲ್ ಹಾಕೋ ಪೇಜುಗಳು ಈಗ ತುಂಬಾ ಇವೆ, ನಾನೂ ಅದರಲ್ಲೊಬ್ಬ. ನಾವೆಲ್ಲ ತೋರಿಸೋದು ಏನು? ಸನ್‌ಬೋರ್ಡ್ ಕತ್ತರಿಸೋದು, ಅಂಟಿಸೋದು, ಪೇಂಟ್ ಹೊಡೆಯೋದು, ಮಣ್ಣಲ್ಲಿ ಓಡಿಸೋದು. ವೈರಿಂಗ್ ಬಂದಾಗ ಮ್ಯೂಸಿಕ್ ಜೋರಾಗುತ್ತೆ, ವಿಡಿಯೋ ಫಾಸ್ಟ್ ಫಾರ್ವರ್ಡ್ ಆಗುತ್ತೆ, ಎರಡು ಸೆಕೆಂಡಲ್ಲಿ ಮುಚ್ಚಳ ಮುಚ್ಚಿರುತ್ತೆ. ಆಡಿಟಿಂಗ್ ಪೇಪರಲ್ಲಿ ಇದಕ್ಕೆ ವಿಂಡೋ ಡ್ರೆಸ್ಸಿಂಗ್ ಅಂತಾರೆ, ಬ್ಯಾಲೆನ್ಸ್ ಶೀಟ್ ಹೊರಗಿನಿಂದ ಚೆಂದ ಕಾಣೋ ಹಾಗೆ ಮಾಡೋದು. ಇಂಟರ್ನಲ್ಸಲ್ಲಿ ಇದಕ್ಕೆ ಫುಲ್ ಮಾರ್ಕ್ಸ್ ತಗೊಂಡವನು ನಾನು. ಮನೇಲಿ ಅದನ್ನೇ ಮಾಡ್ತಿದ್ದೆ.

"ವೈರ್ ತೋರಿಸಿದ್ರೆ ಯಾರೂ ನೋಡಲ್ಲ ಗುರು, ರೀಚ್ ಬೀಳುತ್ತೆ" ಅಂತ ಒಬ್ಬ ಫ್ರೆಂಡ್ ಹೇಳಿದ. ನಿಜ, ಬೀಳುತ್ತೆ. ಹಾಗಾದ್ರೆ "ನೀವೂ ಮನೇಲೇ ಮಾಡಿ" ಅಂತ ಕ್ಯಾಪ್ಷನ್ ಹಾಕಬಾರದು. ನೋಡಿ ಖುಷಿಪಡಿ ಅಂತ ಹಾಕಲಿ, ತಕರಾರಿಲ್ಲ. ಮಾಡಿ ಅಂತ ಕರೆದಮೇಲೆ ಒಳಗಡೆ ತೋರಿಸಲೇಬೇಕು. ಸುಟ್ಟಿದ್ರೆ ಸುಟ್ಟಿದ್ದನ್ನೂ ತೋರಿಸಬೇಕು.

ಕಿಟ್ ತಗೊಳ್ಳೋರ ಕಥೆ ಬೇರೆ. ತಮಿಯಾ ಕಿಟ್ ಆಗ್ಲಿ, ಹೆಂಗ್ ಲಾಂಗ್ ಅವರ ರೆಡಿ ಟ್ಯಾಂಕ್ ಆಗ್ಲಿ, ಬೋರ್ಡು, ಕನೆಕ್ಟರು, ಯಾವ ಬ್ಯಾಟರಿ ಹಾಕ್ಬೇಕು ಅನ್ನೋದನ್ನ ಕಂಪನಿಯೋರು ಯೋಚನೆ ಮಾಡಿರ್ತಾರೆ. ಗುಜರಿ ಸೆಲ್ಲು, ಸನ್‌ಬೋರ್ಡು, ಫೆವಿಕ್ವಿಕ್ ಇಟ್ಕೊಂಡು ಕೂರೋ ನಮ್ಮಂಥವರಿಗೆ ಯೋಚನೆ ಮಾಡೋರು ಯಾರೂ ಇಲ್ಲ, ನಾವೇ ಮಾಡ್ಬೇಕು. ನಮಗೆ ಹೇಳಿಕೊಡೋದು ಮೊದಲೇ ಮಾಡಿದವರ ವಿಡಿಯೋ ಮಾತ್ರ.

4/7

ಆ ಹುಡುಗನಿಗೂ, ಕೇಳದೇ ಸುಮ್ಮನೆ ಮಾಡ್ತಿರೋರಿಗೂ. ಫೋಟೋ ಝೂಮ್ ಮಾಡಿ, ನಂಬರ್ ಹಾಕಿದೀನಿ.

ಒಂದನೇ ನಂಬರ್, ಬ್ಯಾಟರಿಯ ಪ್ಲಸ್ ತುದಿಯಿಂದ ಎರಡು ಇಂಚು ದೂರದಲ್ಲಿರೋದು ಫ್ಯೂಸ್. ಬೈಕಿಗೆ ಹಾಕೋ ಬ್ಲೇಡ್ ಫ್ಯೂಸೇ, ಸ್ಪೇರ್ ಪಾರ್ಟ್ಸ್ ಅಂಗಡೀಲಿ ಹೋಲ್ಡರ್ ಸಮೇತ ಸಿಗುತ್ತೆ. ಬ್ಯಾಟರಿಗೆ ಎಷ್ಟು ಹತ್ತಿರ ಆದ್ರೆ ಅಷ್ಟು ಒಳ್ಳೇದು, ಯಾಕಂದ್ರೆ ಫ್ಯೂಸಿಗಿಂತ ಮುಂಚೆ ಶಾರ್ಟ್ ಆದ್ರೆ ಫ್ಯೂಸ್ ಇದ್ದೂ ಇಲ್ಲದ ಹಾಗೆ. ಎಷ್ಟು ಆಂಪಿಯರಿಂದು? ಹಗುರವಾಗಿ ಓಡುವಾಗ ನನ್ನ ಟ್ಯಾಂಕ್ ಎಳೆಯೋದು ಒಂದೂವರೆ ಆಂಪಿಯರ್. ಟ್ರ್ಯಾಕ್ ಕೈಯಲ್ಲಿ ಒಂದು ಕ್ಷಣ ಗಟ್ಟಿ ಹಿಡಿದು ಮಲ್ಟಿಮೀಟರಲ್ಲಿ ನೋಡಿದ್ರೆ ಎರಡೂ ಮೋಟರ್ ಸೇರಿ ಏಳರ ಹತ್ತಿರ ಹೋಗುತ್ತೆ. ಅದಕ್ಕೇ 5 ಆಂಪಿಯರ್ ಹಾಕಿದೀನಿ. ಮೋಟರ್ ಸಿಕ್ಕಾಕೊಂಡ ತಕ್ಷಣ ಅದು ಹೋಗಲ್ಲ, ಸ್ವಲ್ಪ ಹೊತ್ತು ಹಿಡಿಯುತ್ತೆ, ಆದ್ರೆ ನೇರ ಶಾರ್ಟ್ ಆದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಹೋಗುತ್ತೆ. ಫ್ಯೂಸ್ ಮುಖ್ಯವಾಗಿ ಕಾಪಾಡೋದು ವೈರನ್ನ. ಅದಕ್ಕೇ ವೈರ್ ಫ್ಯೂಸಿಗಿಂತ ಗಟ್ಟಿ ಇರಬೇಕು, ಬ್ಯಾಟರಿ ಕಡೆಯದೆಲ್ಲ 18 ಗೇಜ್ ಸಿಲಿಕಾನ್ ವೈರ್ ಹಾಕಿದೀನಿ.

ಎರಡನೇ ನಂಬರ್ ಎಕ್ಸ್‌ಟಿ 60 ಕನೆಕ್ಟರ್. ಉಲ್ಟಾ ಹಾಕೋಕೆ ಹೋದ್ರೂ ಹೋಗಲ್ಲ. ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಜೋಡಿಸೋ ನನ್ನಂಥವರಿಗೆ ದೇವರು ಕೊಟ್ಟಿದ್ದು.

ಮೂರು ಮತ್ತು ನಾಲ್ಕು, ಎರಡು ಇಎಸ್‌ಸಿ, ಅಂದ್ರೆ ಮೋಟರಿನ ವೇಗ ನೋಡ್ಕೊಳ್ಳೋ ಬೋರ್ಡು. ಎಡ ಟ್ರ್ಯಾಕಿಗೊಂದು, ಬಲಕ್ಕೊಂದು. ಟ್ಯಾಂಕಿಗೆ ಸ್ಟೇರಿಂಗ್ ಇಲ್ಲವಲ್ಲ, ಒಂದು ಟ್ರ್ಯಾಕ್ ನಿಧಾನ ಆದ್ರೆ ಆ ಕಡೆ ತಿರುಗುತ್ತೆ. ನನ್ನ ಹತ್ರ ಇರೋ ಫ್ಲೈಸ್ಕೈ ಎಫ್‌ಎಸ್-ಐ6 ರಿಮೋಟಲ್ಲಿ ಎಲೆವಾನ್ ಅನ್ನೋ ಸೆಟ್ಟಿಂಗ್ ಇದೆ, ವಿಮಾನದ ರೆಕ್ಕೆಗೆ ಅಂತ ಕೊಟ್ಟಿರೋದು. ಅದನ್ನ ಆನ್ ಮಾಡಿದ್ರೆ ಬಲಗೈ ಕಡ್ಡಿ ಒಂದರಲ್ಲೇ ಎರಡೂ ಮೋಟರ್ ಸರಿಯಾಗಿ ಮಿಕ್ಸ್ ಆಗುತ್ತೆ. ಇಲ್ಲಿ ಎಲ್ಲರೂ ಎಡವೋ ಜಾಗ ಒಂದಿದೆ: ಎರಡೂ ಇಎಸ್‌ಸಿ ರಿಸೀವರಿಗೆ ಪವರ್ ಕೊಡೋಕೆ ನೋಡ್ತವೆ. ಒಂದರ ಕೆಂಪು ಪಿನ್ ಪ್ಲಗ್ಗಿನಿಂದ ಹೊರಗೆ ತೆಗೆದು ಸ್ಲೀವ್ ಹಾಕಿ ಮಡಚಿಡಿ. ಮೋಟರಿನ ಎರಡು ಕಾಲಿನ ಮಧ್ಯೆ 104 ಅಂತ ಬರೆದಿರೋ ಪುಟಾಣಿ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ. ಹಾಕೋ ತನಕ ನನ್ನ ಟರೆಟ್ ಸರ್ವೋ ಚಳಿ ಬಂದವರ ಥರ ನಡುಗ್ತಿತ್ತು.

ತಿರುಚಿ ಟೇಪ್ ಸುತ್ತೋದು ಬೇಡ. ಬೆಸುಗೆ, ಮೇಲೆ ಹೀಟ್ ಶ್ರಿಂಕ್ ಸ್ಲೀವ್. ಸ್ಲೀವನ್ನ ಬೆಸುಗೆಗಿಂತ ಮುಂಚೆ ವೈರಿಗೆ ತೂರಿಸಿಕೊಳ್ಳಿ. ಇದನ್ನ ಮರೆತು ನಾನೆಷ್ಟು ಸಲ ಮತ್ತೆ ಬಿಚ್ಚಿದೀನೋ ಲೆಕ್ಕ ಇಲ್ಲ.

5/7

"ಬ್ರೋ ಟೈಗರ್ ಯಾಕೆ ಮಾಡ್ಲಿಲ್ಲ" ಅಂತ ಕಾಮೆಂಟ್ ಬರ್ತಾನೇ ಇರುತ್ತೆ. ಇದು ಸೆಂಚುರಿಯನ್. ಬ್ರಿಟಿಷರ ಟ್ಯಾಂಕ್, ನಮ್ಮ ಸೈನ್ಯ 1965ರಲ್ಲೂ 1971ರಲ್ಲೂ ಇದರಲ್ಲಿ ಯುದ್ಧ ಮಾಡಿದೆ. 1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಪೂನಾ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಇದ್ದದ್ದು ಇಂಥದ್ದರಲ್ಲೇ, ಅದರ ಹೆಸರು ಫಮಗುಸ್ಟಾ. ಏಟು ಬಿದ್ದು ಬೆಂಕಿ ಹೊತ್ತಿಕೊಂಡ ಮೇಲೂ ಅವರು ಟ್ಯಾಂಕ್ ಬಿಟ್ಟು ಇಳಿಯಲಿಲ್ಲ. ಮರಣೋತ್ತರ ಪರಮವೀರ ಚಕ್ರ. ವಯಸ್ಸು 21. ನನಗಿಂತ ಒಂದು ವರ್ಷ ದೊಡ್ಡವರು.

ಅದಕ್ಕೇ ಸ್ಮೋಕ್ ಯೂನಿಟ್ ಹಾಕಿ, ಟ್ಯಾಂಕ್ ಹೊತ್ತಿ ಉರಿಯೋ ಸೀನ್ ಮಾಡಿ ಅನ್ನೋರಿಗೆ ನಾನು ಆಗಲ್ಲ ಅಂದಿದ್ದೀನಿ. ಬೇರೆಯವರು ಮಾಡಿದ್ರೆ ನಾನು ಜಗಳ ಆಡಲ್ಲ. ಆದ್ರೆ ಈ ಹೆಸರು ಬರೆದ ಟ್ಯಾಂಕಲ್ಲಿ ಲೈಕಿಗೋಸ್ಕರ ಹೊಗೆ ಬಿಡೋಕೆ ಮನಸ್ಸು ಒಪ್ಪಲ್ಲ. ನಿಜವಾದ ಹೊಗೆ ಒಂದ್ಸಲ ನೋಡಿದೀನಿ, ಸಾಕು.

ಅಳತೆ ವಿಷಯ. 16ರಲ್ಲಿ ಒಂದು ಪಾಲು. ಅಸಲಿ ಸೆಂಚುರಿಯನ್ ಅಗಲ 3.39 ಮೀಟರ್, ನಂದು 21 ಸೆಂಟಿಮೀಟರ್. ಅಸಲಿ ತೂಕ 50 ಟನ್ನಿಗೂ ಮೇಲೆ. ಉದ್ದ, ಅಗಲ, ಎತ್ತರ ಮೂರೂ 16 ಪಟ್ಟು ಕಡಿಮೆ ಆದಾಗ ತೂಕ 4,096 ಪಟ್ಟು ಕಡಿಮೆ ಆಗ್ಬೇಕು, ಆ ಲೆಕ್ಕದಲ್ಲಿ ನನ್ನ ಟ್ಯಾಂಕ್ 12 ಕೆ.ಜಿ. ದಾಟಬೇಕಿತ್ತು. ಇರೋದು ಮೂರು. ಹಗುರ ಇರೋದ್ರಿಂದ ಆಟದ ಕಾರಿನ ಥರ ಚಿಮ್ಮುತ್ತೆ, ನೋಡೋಕೆ ಅಸಹ್ಯ. ಅಸಲಿಯ ಟಾಪ್ ಸ್ಪೀಡೇ ಗಂಟೆಗೆ 35 ಕಿಲೋಮೀಟರ್ ಆಸುಪಾಸು. 16ರಿಂದ ಭಾಗಿಸಿ ನೋಡಿ, ಸೆಕೆಂಡಿಗೆ 60 ಸೆಂಟಿಮೀಟರ್. ರಿಮೋಟಲ್ಲಿ ಎಂಡ್ ಪಾಯಿಂಟ್ ತಗ್ಗಿಸಿ ಅಷ್ಟಕ್ಕೇ ಕಟ್ಟಿಹಾಕಿದೀನಿ. ಈಗ ಅಜ್ಜಿ ನಡೆಯೋ ಸ್ಪೀಡಲ್ಲಿ ಹೋಗುತ್ತೆ, ಅವಾಗ ಟ್ಯಾಂಕ್ ಅನ್ನಿಸುತ್ತೆ.

ಟ್ರ್ಯಾಕ್ ಕೊಂಡಿಗಳು ಎರಡೂ ಕಡೆ ಸೇರಿ 200ಕ್ಕೂ ಮೇಲೆ. ತ್ರೀಡಿ ಪ್ರಿಂಟ್ ಮಾಡಿಸಿದ್ದು, ಪಿನ್ನುಗಳು ಮಾತ್ರ ಸೈಕಲ್ ಸ್ಪೋಕ್ಸ್ ಕಡ್ಡಿ ಕತ್ತರಿಸಿದ್ದು. ಅದರ ಬಗ್ಗೆ ಹೇಳ್ತಾ ಕೂತ್ರೆ ಅಳು ಬರುತ್ತೆ, ಮುಂದೆ ಹೋಗೋಣ.

6/7

ಖರ್ಚು ಕೇಳಿದವರಿಗೆ. ಬಿಕಾಂ ಹುಡುಗ, ಬಿಲ್ ಎಲ್ಲ ಇಟ್ಟಿದೀನಿ.

ರಿಮೋಟ್, ರಿಸೀವರ್ 4,600. ಇಎಸ್‌ಸಿ ಎರಡಕ್ಕೆ 800. ಗೇರ್ ಮೋಟರ್ ಎರಡಕ್ಕೆ 900. ಹೊಸ ಸೆಲ್, ಬಿಎಂಎಸ್, ಚಾರ್ಜರ್ 1,300. ತ್ರೀಡಿ ಪ್ರಿಂಟ್ 2,200. ಬೋರ್ಡು, ಅಂಟು, ಪೇಂಟು 1,400. ಟರೆಟ್ ಸುತ್ತ ತಿರುಗಿದ್ರೂ ವೈರ್ ಸುತ್ತಿಕೊಳ್ಳದ ಹಾಗೆ ಹಾಕೋ ಸ್ಲಿಪ್ ರಿಂಗ್ 450. ವೈರು, ಕನೆಕ್ಟರು, ಫ್ಯೂಸು, ಸ್ಲೀವು ಎಲ್ಲಾ ಸೇರಿ 380. ಒಟ್ಟು 12,030. ಸಂಜೆ ಹೊತ್ತು ಒಂದು ಅಂಗಡೀಲಿ ಟ್ಯಾಲಿ ಎಂಟ್ರಿ ಮಾಡಿ ಹತ್ತು ತಿಂಗಳಲ್ಲಿ ಕೂಡಿಟ್ಟಿದ್ದು. ತುಮಕೂರಿಂದ ಎಸ್‌ಪಿ ರೋಡಿಗೆ ಹೋಗಿಬಂದ ಟ್ರೈನ್ ಚಾರ್ಜ್, ಅಲ್ಲಿ ಕುಡಿದ ಕಾಫಿ ಇದರಲ್ಲಿಲ್ಲ.

ಆ 380 ನೋಡಿ. ಒಟ್ಟು ಖರ್ಚಲ್ಲಿ ಶೇ. 3ರ ಚಿಲ್ಲರೆ. ಮೊದಲನೇ ಟ್ಯಾಂಕಲ್ಲಿ ನಾನು ಉಳಿಸಿದ್ದು ಇದನ್ನೇ. ಉಳಿಸಿದ ದುಡ್ಡಲ್ಲಿ ಏನು ತಗೊಂಡೆ ಅಂತ ಹಳೇ ಚೀಟಿ ತೆಗೆದು ನೋಡಿದೆ: ತುಕ್ಕಿನ ಬಣ್ಣ, ಕೆಸರಿನ ಬಣ್ಣ, ಒಂದು ಸಣ್ಣ ಬ್ರಶ್.

7/7

ಕೊನೇ ಫೋಟೋ, ಪೇಂಟ್ ಆಗಿರೋದು. ಹಸಿರು ಇನ್ನೂ ಸ್ವಲ್ಪ ಕಪ್ಪಾಗಬೇಕಿತ್ತು ಅನ್ನೋರು ಸರಿಯಾಗೇ ಹೇಳ್ತಿದೀರಿ.

ಇದು ತಗೊಂಡಿರೋದು ಮನೇಲಲ್ಲ, ಗಿರಣೀಲಿ. ಅಜ್ಜಿ ರೂಮಿಗೆ ಟ್ಯಾಂಕ್ ತರೋ ಹಾಗಿಲ್ಲ, ಚಾರ್ಜಿಂಗ್ ಗಿರಣಿಯ ಸಿಮೆಂಟ್ ನೆಲದ ಮೇಲೆ, ಅದೂ ಯಾರಾದ್ರೂ ಪಕ್ಕದಲ್ಲಿ ಕೂತಿರಬೇಕು, ಇದು ಅಪ್ಪನ ಕಂಡೀಷನ್. ಮೊನ್ನೆ ಅಪ್ಪಾನೇ ಕೂತಿದ್ದರು. ಟ್ರ್ಯಾಕಿಗೆ ಒಂದು ಮರದ ತುಂಡು ಕೊಟ್ಟು ಬೇಕಂತಲೇ ಸಿಕ್ಕಿಸಿ, "ಈಗ ಬಿಡು" ಅಂದರು. ಬಿಟ್ಟೆ. ಸ್ವಲ್ಪ ಹೊತ್ತು ಗುರ್ ಅಂತು, ಟಪ್ ಅಂತ ನಿಂತಿತು. ಫ್ಯೂಸ್ ಹೋಗಿತ್ತು, ವೈರ್ ಮುಟ್ಟಿ ನೋಡಿದ್ರೆ ಸ್ವಲ್ಪ ಬೆಚ್ಚಗಿತ್ತು, ಅಷ್ಟೇ. ಅಪ್ಪ ಏನೂ ಹೇಳಲಿಲ್ಲ, ಗಿರಾಕಿ ಬಂದ್ರು ಅಂತ ಎದ್ದುಹೋದರು. ಹೋಗ್ತಾ "ಇನ್ನೊಂದು ಫ್ಯೂಸ್ ಇದೆಯಾ?" ಅಂದರು. ಐದಿದೆ.

ಹಳೇ ರೀಲ್ ಡಿಲೀಟ್ ಮಾಡಿಲ್ಲ. ಮಾಡಿದ್ರೆ ಈಗಾಗಲೇ ಸೇವ್ ಮಾಡ್ಕೊಂಡಿರೋರಿಗೆ ವಿಷಯ ತಲುಪಲ್ಲ. ಕ್ಯಾಪ್ಷನ್ ಬದಲಾಯಿಸಿ, "ಈ ಟ್ಯಾಂಕ್ ಎರಡು ದಿನದಲ್ಲಿ ಸುಟ್ಟುಹೋಯ್ತು, ಇದರ ಥರ ವೈರಿಂಗ್ ಮಾಡಬೇಡಿ" ಅಂತ ಮೊದಲನೇ ಸಾಲಲ್ಲೇ ಬರೆದು, ಸುಟ್ಟ ಫೋಟೋವನ್ನ ಪಕ್ಕದಲ್ಲೇ ಪಿನ್ ಮಾಡಿದೀನಿ.

ಆ ಹುಡುಗ ನಿನ್ನೆ ತನ್ನ ಹಲ್ ಒಳಗಿನ ಫೋಟೋ ಕಳಿಸಿದ. ಫ್ಯೂಸ್ ಹಾಕಿದಾನೆ, ಆದ್ರೆ ಮೈನಸ್ ಕಡೆ, ಬ್ಯಾಟರಿಯಿಂದ ಒಂದು ಗೇಣು ದೂರ. ಸೆಲ್ ಇನ್ನೂ ಆ ಹಳೇ ಲ್ಯಾಪ್‌ಟಾಪಿಂದೇ. ಸಂಜೆ ಅವನಿಗೆ ಫೋನ್ ಮಾಡಬೇಕು. ನಿಮ್ಮ ಹತ್ರ ಮುಚ್ಚಳ ತೆಗೆದಿರೋ ಫೋಟೋ ಇದ್ರೆ, ಎಷ್ಟೇ ಗಲೀಜಾಗಿದ್ರೂ ಪರವಾಗಿಲ್ಲ, ನನ್ನ ಟ್ಯಾಗ್ ಮಾಡಿ ಹಾಕಿ. ಮುಂದಿನ ವಾರ ಟರೆಟ್ ಮತ್ತು ಸ್ಲಿಪ್ ರಿಂಗ್.